ಮೂರನೇ ಶಬ್ದ

ಸೊಲ್ಲಾಪುರದ ಸಿವಿಲ್ ದವಾಖಾನಿ, ಎರಡನೇ ಮಜಲಾ.
ಡಾಕ್ಟರ ಇನ್ನೂ ಹರೇದ ಹುಡುಗ, ಮರಾಠಿಯೊಳಗ
ಮೂರು ಶಬ್ದ ಹೇಳಿ ಇವರಿಗೆ ಅಂದ:
ನೆನಪಿಡ್ರಿ ಆಜೋಬಾ, ಆಮ್ಯಾಲ ಕೇಳತೀನಿ.

ಘೋಡಾ. ಖುರ್ಚಿ. ಮತ್ತೊಂದು.

ಇವತ್ತ ಯಾವ ವಾರ?
ಇವರು ನನ್ನ ಮಾರಿ ನೋಡಿದರು.
ಅಂಗಡ್ಯಾಗ, ಬ್ಯಾಂಕಿನ್ಯಾಗ, ಬೀಗರ ಮುಂದ
ಗುರುಪಾದಪ್ಪ ಬಿರಾಜದಾರ ಅಂತ ಇವರ ಹೆಸರು ಸುದ್ದಾ
ನಾನ ಹೇಳಕೋತ ಬಂದೀನಿ ನಾಕು ವರ್ಷ.
ಬಾಯಿ ತೆಗದೆ, ಮುಚ್ಚಿದೆ.
ನಮ್ಮ ಓಣ್ಯಾಗ ವಾರ ಇಲ್ಲ, ನಳ ಅದ.
ನಳ ಬಂದು ಎರಡ ದಿನ ಆತು, ಇನ್ನ ಎರಡ ದಿನಕ್ಕ ಬರೂದು.
ಕೊಡಾ ಬಗ್ಗಿ ನೋಡಿದರ ದಿನ ತಿಳೀತದ.
ಹಂಗ ಯಾರೂ ಕೇಳೂದಿಲ್ಲ.

ನೂರರಾಗ ಏಳು ಕಳೀರಿ, ಮತ್ತ ಏಳು ಕಳೀರಿ ಅಂದ.
ತೊಂಬತ್ಮೂರು, ಅಂದೆ ಮನಸಿನ್ಯಾಗ.
ತೊಂಬತ್ಮೂರು.
ಅಷ್ಟೊತ್ತಿಗೆ ಇವರು ಟೇಬಲಿನ ಗಾಜಿನ ಮ್ಯಾಲ
ದಾರ ಹುಡುಕಲಿಕ್ಕ ಹತ್ತಿದ್ದರು.
ಮೂವತ್ತೆಂಟು ವರ್ಷ ಚಾದರ ನೇದ ಬೆರಳು.
ರಾತ್ರಿ ಎದ್ದು ಕುಂತು ಹೊದಿಕಿಯ ದಸಿಗೆ ದಸಿ ಗಂಟ ಹಾಕತಾವ.
ಒಂದಿನ ನನ್ನ ಸೆರಗಿನ ಎಳಿ ತಗೊಂಡು
ಬಾಜಿನ ನವಾರಕ್ಕ ಬಿಗದಿದ್ದರು.
ಎಂಥಾ ಗಂಟ! ಕತ್ತರೀನ ಬೇಕಾತು.
ಎರಡೂವರಿಗೆ ಕತ್ತರಿ ಹುಡುಕಿ ಹುಡುಕಿ
ಸಿಕ್ಕದ್ದು ಎಲ್ಲಿ, ಹಿಟ್ಟಿನ ಡಬ್ಬ್ಯಾಗ.
ಇಟ್ಟವರು ಇವರಲ್ಲ.
ಆ ಮುಚ್ಚಳ ತೆಗೀಲಿಕ್ಕ ಇವರಿಗೆ ಬರೂದಿಲ್ಲ.

ಈಗ ಹೇಳ್ರಿ ಆಜೋಬಾ, ಆ ಮೂರು ಶಬ್ದ?
ಇವರು ನಕ್ಕರು. ಹಲ್ಲಿನ ಸೆಟ್ಟ ಮನ್ಯಾಗ ಉಳದಿತ್ತು.
ಘೋಡಾ, ನಾ ಹೇಳಿಕೊಂಡೆ. ಖುರ್ಚಿ.
ಡಾಕ್ಟರ ಇವರ ಹೆಸರಿನ ಮುಂದ ಸೊನ್ನಿ ಬರದ.
ನನ್ನ ಹೆಸರಿಗೆ ಕಾಗದ ಇರಲಿಲ್ಲ.
ನೀವು ನಿದ್ದಿ ಮಾಡತೀರಿ ಇಲ್ಲೋ ಆಜಿ?
ಬಾಗಲದಾಗ ಕೇಳಿದ, ಮುಂದಿನವರನ್ನ ಕರಕೋತ.
ಮಾಡತೀನಲ್ಲ, ಅಂದೆ.

ರಿಕ್ಷಾದಾಗ ಸಾತ್ ರಸ್ತಾ ದಾಟೂತನಕ ಹುಡುಕಿದೆ.
ಹಣ್ಣೇನು? ಮನಿ ಸಾಮಾನೇನು?
ಮರಾಠಿಯಿಂದ ಕನ್ನಡಕ್ಕ ತರೂವಾಗ ಎಲ್ಲೋ ಕೆಳಗ ಬಿತ್ತು,
ಹಂಗಂತ ಸಮಾಧಾನ ಮಾಡಿಕೊಂಡೆ.
ಸಂಜಿಗೆ ಜಗದೇವಿ ಫೋನ್ ಮಾಡಿದ್ಲು: ಪಪ್ಪಾಗ ಏನಂದ್ರವ್ವಾ?
ಇದ್ದಂಗ ಅದ, ಅಂದೆ.
ಒಲಿ ಮ್ಯಾಲ ಬ್ಯಾಳಿ ಹೊತ್ತಿತ್ತು. ಅದನ್ನ ಹೇಳಲಿಲ್ಲ.

ರಾತ್ರಿ ಇವರ ಗುಳಿಗಿ ಅಂಗೈಯಾಗ ಹಿಡಕೊಂಡು ನಿಂತೆ.
ಕೊಟ್ಟೀನೋ, ಇನ್ನ ಕೊಡಬೇಕೋ,
ಇಲ್ಲಾ ನಾನ ನುಂಗೀನೋ.
ಕತ್ತಲದಾಗ ಇವರು ಒಂದು ಶಬ್ದ ಅಂದರು.
ಮರಾಠಿನೂ ಅಲ್ಲ, ಕನ್ನಡನೂ ಅಲ್ಲ,
ಮಾಗದ ಸದ್ದಿನ್ಯಾಗ ಒದರಿ ಒದರಿ ಸವದ ಯಾವುದೋ ಮಾತು.
ಅದ ಇರಬಹುದು.
ಅದ ಅನಕೊಂಡು, ಸೆರಗಿನ ತುದಿ
ನಾನ ಇವರ ಬೆರಳಿಗೆ ಕೊಟ್ಟು
ಮಲಗಿದೆ.