ಎರಡನೆಯ ಬ್ರೇಕು

ಟೋ ಟ್ರಕ್ಕು ನನ್ನದು. ಹತ್ತೊಂಬತ್ತು ಚಳಿಗಾಲ
ಸುಪೀರಿಯರ್ ಸರೋವರದ ಈ ದಂಡೆಯಲ್ಲಿ
ಚರಂಡಿಗೆ ಬಿದ್ದದ್ದನ್ನು ಎತ್ತಿದ್ದೇನೆ,
ಬರ್ಚ್ ಮರ ಅಪ್ಪಿಕೊಂಡದ್ದನ್ನು ಬಿಡಿಸಿದ್ದೇನೆ.
ಕನ್ನಡಿಗೆ ಏನು ಕಟ್ಟಿದ್ದಾರೆ ನೋಡಿದರೆ ಸಾಕು,
ಓಡಿಸಿದವರ ವಯಸ್ಸು ತಿಳಿಯುತ್ತದೆ.
ಶಾಲೆಯ ಕುಣಿತಕ್ಕೆ ಮುಡಿದ ಹೂ, ಒಣಗಿದ್ದು,
ಇನ್ನೂ ತೂಗಾಡುತ್ತಿರುತ್ತದೆ ಒಮ್ಮೊಮ್ಮೆ.
ಅಂಥ ರಾತ್ರಿ ಮನೆಗೆ ಬಂದು
ಮಲಗಿದ ಕೈಸಾಳ ಪಾದ ಮುಟ್ಟುತ್ತೇನೆ,
ಹೊದಿಕೆಯ ಮೇಲಿಂದಲೇ.

ಈಗ ಅವಳಿಗೆ ಹದಿನೈದು.
"ಎಲ್ಲರೂ ಸೇರಿಯಾಯಿತು ಅಮ್ಮಾ, ನಾನೊಬ್ಬಳೇ."

ಮೊದಲ ಶಾಲೆ ಪಿಜ್ಜಾ ಅಂಗಡಿಯ ಮಗ್ಗುಲಲ್ಲಿ.
ಗಾಜಿನ ಮೇಲೆ ಕೆಂಪಕ್ಷರ:
ಮೊದಲ ಸಲವೇ ಪಾಸು, ಇಲ್ಲವೇ ಹಣ ವಾಪಸು.
ಬಣ್ಣದ ಕಾಗದ ಓದಲು ನನಗೆ ಬಾರದು, ಕಾರು ಓದಬಲ್ಲೆ.
ಬಾಗಿ ನೋಡಿದೆ, ಕಲಿಸುವವನ ಕಾಲ ಬಳಿ,
ಅವನಿಗೆಂದೇ ಇಟ್ಟ ಎರಡನೆಯ ಬ್ರೇಕು.
ಹೊಚ್ಚ ಹೊಸ ರಬ್ಬರು, ಮೇಲೆ ಧೂಳು,
ಅದರ ಹಿಂದೆ ಕಾಫಿಯ ಲೋಟ
ಮುಚ್ಚಳ ಸಮೇತ ನಿದ್ದೆ ಹೋಗಿತ್ತು.

ಎರಡನೆಯ ಕಡೆ ರಬ್ಬರೇ ಇಲ್ಲ,
ತುಳಿದು ತುಳಿದು ಕಬ್ಬಿಣ ಹೊಳೆಯುತ್ತಿತ್ತು.
ಆತ ಒಳ್ಳೆಯವನೇ. "ಹೆದರಬೇಡಿ, ನಾನಿದ್ದೇನಲ್ಲ" ಎಂದ.
ಅಲ್ಲೇ ಹೆದರಿದೆ.
ರಾತ್ರಿ ಹನ್ನೊಂದಕ್ಕೆ, ಗಣಿಯ ತಿರುವಿನಲ್ಲಿ,
ಜಿಂಕೆಯ ಕಣ್ಣು ಹೊತ್ತಿಕೊಂಡಾಗ
ನೀನೆಲ್ಲಿರುತ್ತೀಯಪ್ಪಾ?

ಮೂರನೆಯದು ಚರ್ಚಿನ ನೆಲಮಾಳಿಗೆ.
ಮಡಚುವ ಕುರ್ಚಿ ಆರು, ಸೀಮೆಸುಣ್ಣದ ವಾಸನೆ.
ವರ್ನಾ ಹೈಕಿನೆನ್, ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿದ ಮುದುಕಿ.
ಉಳಿದವರಿಗಿಂತ ಅರವತ್ತು ಡಾಲರ್ ಹೆಚ್ಚು,
ಮೂರು ವಾರ ಜಾಗವೂ ಇಲ್ಲ.
ಕೇಳುವ ಮೊದಲೇ ಸರ್ಕಾರದ ಮೊಹರು ತೋರಿಸಿದಳು.
ಚಕ್ರದ ಹಿಂದೆ ಎಷ್ಟು ಗಂಟೆ?
"ಕಾನೂನು ಹೇಳುವುದು ಆರು. ಸಾಲದು."
ಹಿಮದಲ್ಲಿ?
"ಹಿಮ ಬೀಳುವ ತನಕ ನಾನು ಸಹಿ ಹಾಕುವುದಿಲ್ಲ."
ಎಷ್ಟು ಮಂದಿ ಪಾಸು?
"ಇಬ್ಬರನ್ನು ಈ ವರ್ಷ ತಿರುಗಿ ಕಳಿಸಿದೆ.
ಒಬ್ಬನ ತಾಯಿ ಇವತ್ತಿಗೂ
ಅಂಗಡಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾಳೆ."

ಆಮೇಲೆ ಕೀಲಿಕೈ ನನ್ನತ್ತ ಚಾಚಿ:
"ಓಡಿಸಿ, ನೋಡೋಣ."

ನಗು ಬಂತು. ನನಗೇ?
ಪಕ್ಕದಲ್ಲಿ ಪೆನ್ಸಿಲು ಹಿಡಿದು ಕೂತಳು.
ಅಂಚೆ ಕಚೇರಿ ಮೂಲೆಯ ಸ್ಟಾಪ್ ಫಲಕದಲ್ಲಿ
ಚಕ್ರ ನಿಂತಿತು ಎನ್ನುವಷ್ಟರಲ್ಲಿ ಉರುಳಿತು.
ಫೋನು ಗುಂಯ್ ಎಂದಿತು, ಡ್ವೇನ್‌ನ ಕರೆ, ಕೆಲಸ.
ಕೈ ತಾನಾಗಿ ಹೋಯಿತು.
ಅವಳು ಮಾತಾಡಲಿಲ್ಲ. ಎರಡು ಗೆರೆ ಎಳೆದಳು.

"ಹುಡುಗಿಯ ಪಾಠ ಶುರುವಾಗಿ ಹದಿನೈದು ವರ್ಷವಾಯಿತಲ್ಲ,
ಹಿಂದಿನ ಸೀಟಿನಲ್ಲಿ.
ನೂಲು ಹೇಗೋ ಬಟ್ಟೆ ಹಾಗೆ.
ನಾನು ಬರೀ ಅಂಚು ಹೊಲಿಯುವವಳು."

ಕೆನ್ನೆ ಬಿಸಿಯಾಯಿತು, ಯಾರೋ ಹೊಡೆದಂತೆ.
ಎದ್ದು ಹೋಗಬೇಕೆನಿಸಿತು.
ಇಳಿಯುವಾಗ, ಹಳೆಯ ಚಾಳಿ, ಬಾಗಿ ನೋಡಿದೆ:
ಅವಳ ಬ್ರೇಕಿನ ರಬ್ಬರು ಎಡ ಅಂಚಿನಲ್ಲಷ್ಟೇ ಸವೆದಿತ್ತು,
ಒಳಗೆ ಕಾಲಿಡದೆ ಹೊಸ್ತಿಲಲ್ಲೇ
ನಿಂತು ನೋಡುವವರಿಂದ ಹೊಸ್ತಿಲು ಸವೆಯುವಂತೆ.

ಹಣ ಕಟ್ಟಿದೆ.

ಸಂಜೆ ಕೈಸಾಳೊಡನೆ ಅದೇ ಮೂಲೆ.
ನಿಲ್ಲಿಸಿದೆ. ಪೂರ್ತಿ.
ಖಾಲಿ ರಸ್ತೆ, ದೀಪದ ಕೆಳಗೆ ಮೊದಲ ಹಿಮದ ಪುಡಿ,
ಚೀಲದಲ್ಲಿ ಫೋನು ಒಂದೇ ಸಮ ಒದ್ದಾಡುತ್ತಿತ್ತು.
"ಯಾರೂ ಇಲ್ಲವಲ್ಲ ಅಮ್ಮಾ, ಯಾಕೆ ನಿಂತೆ?"
ಒಂದು, ಎರಡು, ಮೂರು ಎಣಿಸುತ್ತ
ಕೆಳಗೆ ನೋಡಿದೆ.
ಅವಳ ಬಲಗಾಲು
ಬರಿಯ ಚಾಪೆಯನ್ನು ಒತ್ತಿ ಹಿಡಿದಿತ್ತು,
ಅಲ್ಲಿ ಇಲ್ಲದ ಬ್ರೇಕನ್ನು.
ಚಾಪೆ ಆ ಜಾಗದಲ್ಲಿ ಆಗಲೇ
ತೆಳ್ಳಗಾಗಿತ್ತು.