ಮೂವತ್ತೊಂದನೇ ಬಾಗಿಲು

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ನನ್ನ ಕಸುಬು ಅದರ ತಿರುವುಮುರುವು:
ಐದು ವರ್ಷಕ್ಕೆ ಕಾಲು ಎಷ್ಟುದ್ದ ಬೆಳೆದೀತು
ಅಂತ ಇವತ್ತೇ ಅಳೆದು
ಹಾಸಿಗೆ ಹೊಲಿಯುವುದು.

ಹಾಗೆ ಬಂದೆ ಹಾಮರ್‌ಫೆಸ್ಟಿಗೆ, ಜನವರಿಯಲ್ಲಿ,
ನಡುಹಗಲೂ ದೀಪ ಉರಿಸಿಕೊಂಡಿರುವ
ಮೀನು ಕಾರ್ಖಾನೆಗೆ.
ಅರವತ್ತನಾಲ್ಕು ಬಾಗಿಲು. ಸಾವಿರದ ನೂರು ಕಾರ್ಡು.
ತಲೆಗೆ ದಿನಕ್ಕೆ ಹನ್ನೊಂದು ಟಿಕ್:
ಉಡುಪಿನ ಕೋಣೆ, ಕೊಯ್ಯುವ ಮೇಜು, ಶೈತ್ಯಾಗಾರ,
ಊಟ, ಮತ್ತೆ ಶೈತ್ಯಾಗಾರ.
ಟಿಕ್ಕಿಗೊಂದು ಸಾಲು ಡೇಟಾಬೇಸಿನಲ್ಲಿ,
ಸಾಲಿಗೆ ನೂರೆಂಬತ್ತು ಬೈಟು.
ಗುಣಿಸಿದೆ. ಇಂಡೆಕ್ಸಿಗೆಂದು ಇಮ್ಮಡಿಸಿದೆ,
ಬ್ಯಾಕಪ್ಪಿಗೆಂದು ಇನ್ನೊಮ್ಮೆ.
ಇಷ್ಟು ಜನರ ಐದು ವರ್ಷದ ಹೋಗುಬರುವು
ಹೆಬ್ಬೆರಳ ಉಗುರಿನಷ್ಟು ಚಿಪ್ಪಿನಲ್ಲಿ ಕೂತು
ಜಾಗ ಮಿಕ್ಕಿತು.

ಹಳೆಯದನ್ನು ನಿಲ್ಲಿಸಿ ಹೊಸದನ್ನು ಹಚ್ಚುವ ಗಳಿಗೆ:
ಇಪ್ಪತ್ತೊಂದನೇ ತಾರೀಕು, ಬೆಳಿಗ್ಗೆ ಹನ್ನೊಂದೂವರೆ.
ಓಡಾಟ ಕಡಿಮೆ, ಅಂತ ಬರೆದಿದ್ದೆ.

ಕಾವಲು ವಿಭಾಗದ ರಾವ್ನಾ ಸೊಂಬಿ
ಹಾಳೆ ನೋಡಿದಳು, ಕಾಫಿ ಹೀರಿದಳು.
"ಮೂವತ್ತೊಂದನೇ ಬಾಗಿಲಿಗೆ ಎಷ್ಟು ಹಾಕಿದ್ದೀ?"
ದಿನಕ್ಕೆ ನಾಲ್ಕು, ಅಂದೆ.
ಖಾಲಿ ಕ್ರೇಟು ಪೇರಿಸುವ ತೆಂಕಣ ಹಿತ್ತಿಲು,
ಅಲ್ಲಿಗೆ ಯಾರು ಹೋಗುತ್ತಾರೆ?
"ಇಪ್ಪತ್ತೊಂದಕ್ಕೆ, ಒಂಬೈನೂರು ಜನ.
ನಾಲ್ಕು ನಿಮಿಷದಲ್ಲಿ."

ಎರಡು ತಿಂಗಳ ಮೇಲೆ ಸೂರ್ಯ
ಬೆಟ್ಟದ ಸಂದಿಯಲ್ಲಿ ಹಣೆಯಷ್ಟೇ ತೋರಿಸಿ
ಇಳಿದುಹೋಗುವ ದಿನವಂತೆ.
ನಾನು ಸ್ತಾವಾಂಗರಿನವನು.
ನಮ್ಮ ಸೂರ್ಯ ಮೋಡದ ಹಿಂದಾದರೂ
ಹಾಜರಿ ಹಾಕುತ್ತಾನೆ.

ಲೆಕ್ಕ ಮತ್ತೆ ಹಾಕಿದೆ.
ಡೇಟಾಬೇಸು ತಡೆದುಕೊಳ್ಳುತ್ತದೆ. ಬಾಗಿಲು ತಡೆಯದು.
ತೆರೆದು ಮುಚ್ಚಲು ಐದು ಸೆಕೆಂಡು;
ಕೊನೆಯವನು ಹೊರಬೀಳುವಾಗ ಎಪ್ಪತ್ತೈದು ನಿಮಿಷ,
ಮತ್ತೆ ಕತ್ತಲೆ.

ಹೋದ ವರ್ಷದ ದಾಖಲೆ ತೆಗೆಸಿದೆ.
ಆ ಬಾಗಿಲಿಗೆ ಒಂದೇ ಕಾರ್ಡು: ದಾಯ್ವಾ, ಲಿಥುವೇನಿಯಾದವಳು.
ಕೆಳಗೆ ಕೆಂಪಕ್ಷರ:
ಬಾಗಿಲು ಇಪ್ಪತ್ಮೂರು ನಿಮಿಷ ತೆರೆದೇ ಇದೆ.
ಕ್ರೇಟು ಸಿಕ್ಕಿಸಿದ್ದಳು.
ಯಂತ್ರದ ಪ್ರಕಾರ ಆ ದಿನ
ಸೂರ್ಯನನ್ನು ಕಂಡವಳು ಅವಳೊಬ್ಬಳೇ.

ಯೋಜನೆ ತಿದ್ದಿದೆ. ಬದಲಾವಣೆ ಹದಿನೈದಕ್ಕೆ.
ವೇಳಾಪಟ್ಟಿಗೆ ಒಂದು ಸಾಲು:
ಬಾಗಿಲು ಮೂವತ್ತೊಂದು, ಇಪ್ಪತ್ತೊಂದನೇ ತಾರೀಕು,
ಹನ್ನೊಂದರಿಂದ ಹನ್ನೆರಡು, ಬೀಗವಿಲ್ಲ.
ಸರಾಸರಿಯ ಪಕ್ಕ ಹೊಸ ಕಲಂ ಎಳೆದೆ,
'ಅತಿ ಹೆಚ್ಚು' ಅಂತ.
"ಎಷ್ಟು ದಿನ ಇಟ್ಟುಕೊಳ್ಳುತ್ತೆ ಇದೆಲ್ಲ?" ರಾವ್ನಾ ಕೇಳಿದಳು.
ತೊಂಬತ್ತು ದಿನ, ಆಮೇಲೆ ಅಳಿಸುತ್ತೆ.
"ಏಪ್ರಿಲ್," ಎಂದಳು, ಬೆರಳು ಮಡಚಿ.
"ಅಷ್ಟರಲ್ಲಿ ಬೆಳಕು ರಾತ್ರಿ ಒಂಬತ್ತಾದರೂ
ಮನೆಗೆ ಹೋಗೋದಿಲ್ಲ. ಅಳಿಸಲಿ ಬಿಡು."

ಇಪ್ಪತ್ತೊಂದಕ್ಕೆ ಬಾಗಿಲು ಹೇಳಿದ ಹೊತ್ತಿಗೆ ತೆರೆಯಿತು.
ಮೀನು ನಾರುವ ಗವಸುಗಳಲ್ಲಿ ಸಿಹಿ ಬನ್ನು ಹಿಡಿದು
ಒಂಬೈನೂರು ಜನ ತೆಂಕಣಕ್ಕೆ ಮುಖಮಾಡಿ ನಿಂತರು.
ಮೋಡ.
ಹನ್ನೆರಡಕ್ಕೆ ಸರಿಯಾಗಿ ಬೀಗ ಬಿತ್ತು.

ಮರುದಿನ ಆಕಾಶ ತೊಳೆದಿಟ್ಟ ಹಾಗಿತ್ತು.
ನನ್ನ ಪಟ್ಟಿಯಲ್ಲಿ ಇಪ್ಪತ್ತೆರಡಕ್ಕೆ ಏನೂ ಇರಲಿಲ್ಲ.
ಹನ್ನೊಂದೂ ಮೂವತ್ನಾಲ್ಕಕ್ಕೆ ಫೋನು ಕಿರುಚಿತು:
ಬಾಗಿಲು ಮೂವತ್ತೊಂದು, ತೆರೆದೇ ಇದೆ.
ಯಾವ ಕಾರ್ಡು ಅಂತ ನೋಡಲಿಲ್ಲ.
ಸದ್ದು ಅಡಗಿಸಿ,
ಕೋಟು ಹುಡುಕುತ್ತ
ಮೆಟ್ಟಿಲಿಳಿದೆ.