ಮುಳ್ಳು

ಷಾರ್ಜಾದ ಆ ಕಿರುಕೋಣೆಯಲ್ಲಿ ಅಪ್ಪ ಚಿನ್ನ ತೂಗುವಾಗ
ಮೊದಲು ಫ್ಯಾನ್ ಆರಿಸುತ್ತಿದ್ದ.
ಜುಲೈ ತಿಂಗಳು. ಹುಬ್ಬಿನ ಬೆವರು ರೆಪ್ಪೆಗಿಳಿದರೂ
ಒರೆಸುವಂತಿಲ್ಲ, ಜೋರಾಗಿ ಉಸಿರಾಡುವಂತಿಲ್ಲ.
ನಾನು, ಎಂಟು ವರ್ಷದವಳು, ಸ್ಟೂಲು ಹತ್ತಿ ಸ್ವಿಚ್ಚಿನ ಕಾವಲಿಗೆ.
‘ಕೈ ಸುಳ್ಳು ಹೇಳ್ತದೆ ಕೂಸೇ, ಮೂವತ್ತು ವರ್ಷ ಪಳಗಿದ ಕೈಯಾದರೂ.
ಮುಳ್ಳು ನೋಡು.’

ಈಗ ರಾಸ್ ಅಲ್ ಖೈಮಾದ ಮೇಲೆ ನಾಲ್ಕು ಸಾವಿರ ಅಡಿ.
ಹಣೆಯಿಂದ ಮೂಗಿನವರೆಗೆ ಪ್ಲಾಸ್ಟಿಕ್ ಮುಸುಕು,
ಗಾಣದೆತ್ತಿನ ಕಣ್ಣಪಟ್ಟಿಗೆ ದೂರದ ನೆಂಟ.
ಕಾಣುವುದು ಆರೇ ಆರು ಗುಂಡು ಗಾಜು,
ಒಂದೊಂದರ ಹಿಂದೆ ನಡುಗುವ ಮುಳ್ಳು;
ನಡುವಿನದಕ್ಕೆ ಮಾತ್ರ ಮುಳ್ಳಿಲ್ಲ, ಅರ್ಧ ನೀಲಿ, ಅರ್ಧ ಕಂದು,
ಅಂಗೈಯಗಲದ ದಿಗಂತ.
ಹೊರಗೆ ಅಷ್ಟೂ ಇಲ್ಲ ಬಿಡಿ. ಶಮಾಲ್ ಎದ್ದು ಮೂರು ದಿನ,
ಕಡಲು, ಮರಳು, ಆಕಾಶ
ಎಲ್ಲ ಒಂದೇ ಲೋಟದ ಕರಕ್ ಚಹಾ.

ಪಕ್ಕದಲ್ಲಿ ಕ್ಯಾಪ್ಟನ್ ಬಾಬಿಕರ್, ಖಾರ್ಟೂಮಿನವರು,
ಅಂಗಿಯ ಜೇಬಿನಲ್ಲಿ ಹುರಿದ ಶೇಂಗಾ. ಮಾತು ಕಡಿಮೆ.
ಮುಸುಕಿನಂಚಿನಲ್ಲಿ ಅವರ ಬೆರಳಷ್ಟೇ ಕಾಣುತ್ತವೆ,
ಸಿಪ್ಪೆ ಬಿಡಿಸುವುದು ನಿಂತಿತೆಂದರೆ
ನಾನೆಲ್ಲೋ ತಪ್ಪಿದ್ದೇನೆ.

ತಿರುವು ಮುಗಿಸಿ ರೆಕ್ಕೆ ಸಮ ಮಾಡಿದೆ.
ಕಿವಿಯೊಳಗಿನ ಹನಿ ನೀರು ಒಪ್ಪಲಿಲ್ಲ.
ಬೀಳುತ್ತಿದ್ದೀ, ಎಡಕ್ಕೆ ಬೀಳುತ್ತಿದ್ದೀ ಎಂದು
ಹೊಟ್ಟೆ, ಸೊಂಟ, ಕತ್ತಿನ ನರ ಸಾಲಾಗಿ ಬಂದು ಸಾಕ್ಷಿ ಹೇಳಿದವು.
ಊರಿಗೆ ಊರೇ ಒಂದು ಮಾತಾಡುವಾಗ
ಆ ಪುಟ್ಟ ದಿಗಂತದ್ದೇ ಬೇರೆ ಮಾತು: ನೆಟ್ಟಗಿದ್ದೀ.
ನೆಟ್ಟಗೇ ಇದ್ದೆ, ಮೈಯೆಲ್ಲ ವಾಲಿಕೊಂಡು.

ಆಮೇಲೆ ಅದಕ್ಕೂ ಒಂದು ರಬ್ಬರ್ ಮುಚ್ಚಳ ಅಂಟಿಸಿದರು.
‘ಇದು ಕೆಟ್ಟಿತು,’ ಎಂದರು. ‘ಈಗ?’
ಈಗ ಉಳಿದವರ ಹೇಳಿಕೆ ಪಡೆಯಬೇಕು:
ವೇಗದ್ದು, ಎತ್ತರದ್ದು, ಎಲ್ಲ ಆದಮೇಲೆ ಬಾಯಿಬಿಡುವ ಏರಿಳಿತದ್ದು,
ಎಣ್ಣೆಯಲ್ಲಿ ತೇಲಿ ತಲೆದೂಗುವ ಕುಡುಕ ದಿಕ್ಸೂಚಿಯದೂ.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು
ಎನ್ನುತ್ತಿದ್ದಳು ಕುಮಟೆಯ ಅಜ್ಜಿ,
ಹಾಲಿನವನ ಲೆಕ್ಕದ ಬಗ್ಗೆ.

ಕಾಯಿರಿ, ಸುತ್ತು ಹಾಕಿ ಎಂದಿತು ರೇಡಿಯೋ.
ಒಂದು ನಿಮಿಷ ಹೋಗು, ತಿರುಗು. ಒಂದು ನಿಮಿಷ ಬಾ, ತಿರುಗು.
ಗಾಳಿ ಎಳೆದಷ್ಟು ಮೂಗು ತಿರುವಿ ಮತ್ತೆ ಹೋಗು,
ಗಂಟೆಗೆ ಮೂರು ಗ್ರಾಂ ಸುಡುತ್ತ
(ಯಾವ ಫೀಸಾದರೂ ಅಪ್ಪನಿಗೆ ಗ್ರಾಮಿನಲ್ಲೇ ಅರ್ಥವಾಗುವುದು).
ಗಾಣ ತಿರುಗಿ ಬಂದದ್ದು ಎಣ್ಣೆಯೋ ಬರೀ ಹಿಂಡಿಯೋ
ಎತ್ತಿಗೇನು ಗೊತ್ತು.

ಕೊನೆಗೆ ಮೂರು-ನಾಲ್ಕರ ರನ್‌ವೇಗೆ ದಾರಿ.
ಒಂದು ಮುಳ್ಳು ನಿಂತಿದೆ, ಇನ್ನೊಂದು ಅಡ್ಡ ಮಲಗಿದೆ,
ಎರಡೂ ಕೂಡುವ ಚುಕ್ಕೆಯಲ್ಲಿ ನನ್ನ ಜೀವ.
ಎಡಕ್ಕೆ, ಒಂದು ಗುಂಜಿ. ಮೇಲೆ, ಅರ್ಧ ಗುಂಜಿ.
ಉಸಿರು ಹಿಡಿದಿದ್ದೆ. ಹಳೆಯ ಚಾಳಿ;
ಇಲ್ಲಿ ಫ್ಯಾನ್ ಆರಿಸುವಂತಿಲ್ಲ.
ಐನೂರು. ನಾನೂರು. ಮುನ್ನೂರು.
‘ನೋಡು.’

ಮುಸುಕು ಸರಿಸಿದೆ.
ದೀಪ! ಸಾಲು ದೀಪ, ಬೇಕಾದಷ್ಟೇ ನೇರ,
ಸ್ವಲ್ಪ ಎಡಕ್ಕೆ. ಕೈ ಆಗಲೇ ಅತ್ತ ಹೊರಳಿತ್ತು.
ಮುಳ್ಳು ನಡುವಿನಲ್ಲೇ ನಿಂತು ನನ್ನನ್ನು ನೋಡುತ್ತಿತ್ತು.
ಶೇಂಗಾದ ಬೆರಳು ನಿಂತಿದ್ದವು.
ಕೆಳಗೆ ಲಾರಿಯೊಂದು ಬ್ರೇಕ್ ಒತ್ತಿತು, ಕೆಂಪಗೆ.
ಹೆದ್ದಾರಿ ಅದು.

ಪೂರ್ತಿ ಥ್ರಾಟಲ್. ಮೂಗು ಮೇಲೆ.
ಮತ್ತೆ ಚಹಾದೊಳಕ್ಕೆ.

ಎರಡನೆಯ ಸಲ ದೀಪಗಳು ಮುಳ್ಳು ತೋರಿಸಿದಲ್ಲೇ ಇದ್ದವು.
ಅದರ ಬಗ್ಗೆ ಹೇಳುವಂಥದ್ದೇನಿಲ್ಲ.

ಎಂಜಿನ್ ಆರಿಸಿಯೂ ಕೂತೇ ಇದ್ದೆವು.
ಮುಂದಿನ ಫ್ಯಾನ್ ಎರಡು ಸಲ ಬಡಿದು ನಿಂತಿತು,
ಬೆವರು ರೆಪ್ಪೆಗಿಳಿಯಿತು.
ಹಲಗೆಯ ಹಿಂದೆ ಗೈರೋಗಳು ಇನ್ನೂ ಸಣ್ಣಗೆ ಗುಂಯ್‌ಗುಟ್ಟುತ್ತಿದ್ದವು;
ಮುಚ್ಚಳ ಕಿತ್ತ ದಿಗಂತ
ಪಾಳಿ ಮುಗಿಸಿದವರ ಹಾಗೆ ಮೆಲ್ಲಗೆ ಮಗ್ಗುಲಿಗೆ ಒರಗಿತು.
ಬಾಬಿಕರ್ ನನ್ನ ಪುಸ್ತಕದಲ್ಲಿ ಬರೆದರು,
ಒಂದು ಗಂಟೆ ನಲವತ್ತು ನಿಮಿಷ;
ಜೇಬು ತಡಕಿ ಉಳಿದ ನಾಲ್ಕು ಶೇಂಗಾ ನನ್ನ ಅಂಗೈಗೆ ಹಾಕಿದರು.

ಐದು ಗ್ರಾಂ ಇದ್ದೀತು,
ಎಂದಿತು ಕೈ.